ಪ್ರಾಚೀನ ಈಜಿಪ್ಟಿನ ಚಿತ್ರ, ಕಟ್ಟಡ, ದೇವರು, ಸಾವು: ಪದೇ ಪದೇ ಕೇಳುವ ಪ್ರಶ್ನೆಗಳು

ಉಪನ್ಯಾಸ ಮುಗಿದ ಮೇಲೆ, ಪತ್ರಗಳಲ್ಲಿ, ಪ್ರವಾಸಕ್ಕೆ ಹೊರಟವರ ಮಾತಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಸುಲಭದ್ದು ಮೊದಲು, ಗಟ್ಟಿ ಪ್ರಶ್ನೆಗಳು ಕೊನೆಗೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ. ಓದುವಾಗ ಒಂದು ಸಂಗತಿ ನೆನಪಿರಲಿ: ಈಜಿಪ್ಟಿನ ಗೋರಿಯ ಚಿತ್ರವಾಗಲಿ, ಗುಡಿಯ ವಿಗ್ರಹವಾಗಲಿ, ಕೆಲಸ ಮಾಡಲೆಂದು ಮಾಡಿದ್ದು. ಸತ್ತವನಿಗೆ ಉಣ್ಣಿಸುವುದು, ದೇವರಿಗೆ ಒಡಲು ಕೊಡುವುದು, ಲೋಕ ಕುಸಿಯದಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ಇದೊಂದು ಹೊಳೆದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

## ಮೊದಲ ಮೆಟ್ಟಿಲು

ಪಿರಮಿಡ್, ಟುಟಾಂಖಾಮುನ್, ಕ್ಲಿಯೋಪಾತ್ರ ಎಲ್ಲಾ ಒಂದೇ ಕಾಲದವರಾ?

ಅಲ್ಲವೇ ಅಲ್ಲ. ಗಿಜಾದ ದೊಡ್ಡ ಪಿರಮಿಡ್ಡುಗಳು ಹಳೆಯ ಸಾಮ್ರಾಜ್ಯದವು (ಸುಮಾರು ಕ್ರಿ.ಪೂ. 2686–2181). ಮಧ್ಯ ಸಾಮ್ರಾಜ್ಯ ಸುಮಾರು ಕ್ರಿ.ಪೂ. 2055–1650ರದ್ದು. ಕಾರ್ನಾಕ್‌ನ ದೊಡ್ಡ ಗುಡಿಯ ಕಂಬಗಳ ಸಭಾಂಗಣ, ರಾಜರ ಗೋರಿಗಳಿರುವ ರಾಜರ ಕಣಿವೆ, ಟುಟಾಂಖಾಮುನ್, ಎರಡನೇ ರಾಮ್ಸೆಸ್ ಎಲ್ಲ ಹೊಸ ಸಾಮ್ರಾಜ್ಯಕ್ಕೆ (ಸುಮಾರು ಕ್ರಿ.ಪೂ. 1550–1069) ಸೇರಿದವರು. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ಬಂದ. ಅವನ ಹಿಂದೆ ಗ್ರೀಕ್ ಮೂಲದ ಟಾಲೆಮಿಗಳು ಆಳಿದರು, ಕ್ರಿ.ಪೂ. 30ರಲ್ಲಿ ಸತ್ತ ಕ್ಲಿಯೋಪಾತ್ರ ಆ ವಂಶದ ಕೊನೆಯ ರಾಣಿ. ಇಂದು ಚಾವಣಿ ಸಮೇತ ನಿಂತಿರುವ ಎಡ್ಫು, ಡೆಂಡೆರಾ, ಫಿಲೆ ಗುಡಿಗಳು ಬಹುಪಾಲು ಟಾಲೆಮಿಗಳ ಕಾಲದವು.

ಹಳೆಯದನ್ನು ಹಳೆಯದೆಂದು ಅವರೂ ಬಲ್ಲವರಾಗಿದ್ದರು. ರಾಮ್ಸೆಸ್‌ನ ಮಗ ಖಾಏಮ್ವಾಸೆತ್ ತನಗಿಂತ ಸಾವಿರ ವರ್ಷಕ್ಕೂ ಹಿಂದಿನ ಪಿರಮಿಡ್ಡುಗಳನ್ನು ದುರಸ್ತಿ ಮಾಡಿಸಿ, ಕಟ್ಟಿಸಿದ ರಾಜರ ಹೆಸರನ್ನು ಮತ್ತೆ ಕೆತ್ತಿಸಿದ.

ಭೂಪಟದಲ್ಲಿ ಮೇಲಿನ ಈಜಿಪ್ಟ್ ಕೆಳಗಡೆ ಇದೆಯಲ್ಲ, ಅಚ್ಚಿನ ತಪ್ಪಾ?

ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಹೊಳೆಯ ಮೇಲ್ಭಾಗ ಇರುವ ದಕ್ಷಿಣ ಮೇಲಿನ ಈಜಿಪ್ಟ್, ಸಮುದ್ರ ಸೇರುವ ಉತ್ತರ ಕೆಳಗಿನ ಈಜಿಪ್ಟ್. ಬಿಳಿ ಕಿರೀಟ ಮೇಲಿನದು, ಕೆಂಪು ಕಿರೀಟ ಕೆಳಗಿನದು, ಎರಡೂ ಸೇರಿದ್ದರೆ ಇಡೀ ದೇಶದ ದೊರೆತನ.

ಗುಡಿ, ಗೋರಿ ಇಷ್ಟೊಂದಿವೆ. ಅರಮನೆಗಳು, ಮನೆಗಳು ಎಲ್ಲಿ ಹೋದವು?

ಅವೆಲ್ಲ ಹಸಿ ಇಟ್ಟಿಗೆಯವು. ನೈಲ್ ಮಣ್ಣಿಗೆ ಹೊಟ್ಟು ಕಲಸಿ, ಮರದ ಅಚ್ಚಿಗೆ ತುಂಬಿ, ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆ. ಬದುಕುವವರಿಗೆ ಮಣ್ಣು, ಸದಾಕಾಲ ಇರಬೇಕಾದ ದೇವರಿಗೂ ಸತ್ತವರಿಗೂ ಕಲ್ಲು ಎಂಬುದು ಅವರ ಲೆಕ್ಕ. ಹಳೆಯ ಇಟ್ಟಿಗೆಯ ಮಣ್ಣು ಒಳ್ಳೆಯ ಗೊಬ್ಬರವೂ ಹೌದು. ಹಾಗಾಗಿ ಊರ ದಿಬ್ಬಗಳನ್ನೇ ರೈತರು ಅಗೆದು ಹೊಲಕ್ಕೆ ಹಾಕಿಕೊಂಡರು.

## ಚಿತ್ರ ಮತ್ತು ಶಿಲ್ಪ

ಎಲ್ಲರೂ ಪಕ್ಕಕ್ಕೆ ತಿರುಗಿ ನಿಂತಿರ್ತಾರೆ, ಕಣ್ಣು ಮಾತ್ರ ನಮ್ಮ ಕಡೆ. ಅವರಿಗೆ ಸರಿಯಾಗಿ ಚಿತ್ರ ಬರೆಯೋಕೆ ಬರ್ತಿರಲಿಲ್ವಾ?

ಚೆನ್ನಾಗಿಯೇ ಬರುತ್ತಿತ್ತು. ಕುಶಲಕರ್ಮಿಗಳು ಬಿಡುವಿನಲ್ಲಿ ಸುಣ್ಣಕಲ್ಲಿನ ಚಕ್ಕೆಗಳ ಮೇಲೆ ಗೀಚಿದ ಚಿತ್ರಗಳನ್ನು ನೋಡಿ. ಗೋರಿ ಕೆಲಸಗಾರರ ಊರಾದ ಡೇರ್ ಎಲ್-ಮದೀನಾದಲ್ಲಿ ಸಿಕ್ಕಿ ಈಗ ಇಟಲಿಯ ಟ್ಯೂರಿನ್ ವಸ್ತುಸಂಗ್ರಹಾಲಯದಲ್ಲಿರುವ, ಹಿಂದಕ್ಕೆ ಬಾಗಿದ ನರ್ತಕಿಯ ಚಿತ್ರದಲ್ಲಿ ಮೈ, ಕೂದಲು ಎರಡೂ ಸಲೀಸಾಗಿ ಹರಿದಿವೆ.

ಗೋರಿಯ ಗೋಡೆಯ ಲೆಕ್ಕವೇ ಬೇರೆ. ಅಲ್ಲಿ ಬರೆದ ದೇಹ ಸತ್ತವನಿಗೆ ಬದಲಿ ದೇಹ. ಅದರಲ್ಲಿ ಯಾವ ಅಂಗವೂ ಮರೆಯಾಗಬಾರದು. ಆದ್ದರಿಂದ ಪ್ರತಿ ಅಂಗವನ್ನೂ ಅದು ಸ್ಪಷ್ಟವಾಗಿ ಗುರುತಾಗುವ ದಿಕ್ಕಿನಿಂದ ತೋರಿಸುತ್ತಾರೆ: ಮುಖ ಪಕ್ಕದಿಂದ, ಕಣ್ಣು ಎದುರಿನಿಂದ, ಭುಜ ಎದುರಿನಿಂದ, ಸೊಂಟದಿಂದ ಕೆಳಗೆ ಮತ್ತೆ ಪಕ್ಕದಿಂದ. ಎರಡೂ ಪಾದಗಳಲ್ಲಿ ಹೆಬ್ಬೆರಳಿನ ಬದಿಯೇ ಕಾಣುವ ಚಿತ್ರಗಳು ಬೇಕಾದಷ್ಟಿವೆ. ನೆಬಮುನ್ ಎಂಬ ಅಧಿಕಾರಿಯ ಗೋರಿಯ ತೋಟದ ಚಿತ್ರದಲ್ಲಿ ಕೊಳ ಮೇಲಿನಿಂದ ನೋಡಿದಂತಿದೆ, ಅದರೊಳಗಿನ ಮೀನು, ದಡದ ಮರ ಪಕ್ಕದಿಂದ ನೋಡಿದಂತಿವೆ. ಗಾತ್ರವೂ ದೂರವನ್ನು ಸೂಚಿಸುವುದಿಲ್ಲ. ದೊಡ್ಡದಾಗಿದ್ದವನು ದೊಡ್ಡ ಮನುಷ್ಯ, ಅಷ್ಟೆ.

ಗೋಡೆ ಮೇಲೆ ಚಿತ್ರ ಬರೆಯುವ ಕ್ರಮ ಹೇಗಿತ್ತು? ಚೌಕಗಳ ಲೆಕ್ಕ ಅಂತಾರಲ್ಲ, ಅದೇನು?

ಮೊದಲು ಗೋಡೆಯನ್ನು ಹದಮಾಡುತ್ತಾರೆ. ಕಲ್ಲು ಚೆನ್ನಾಗಿದ್ದರೆ ನೇರವಾಗಿ ನಯಗೊಳಿಸಿ ಕೆತ್ತುತ್ತಾರೆ. ಇಂದಿನ ಲಕ್ಸರ್ ಆದ ಥೀಬ್ಸ್‌ನ ಬೆಟ್ಟದ ಹಾಗೆ ಬಿರುಕು ಬಿಟ್ಟ ಕಲ್ಲಾದರೆ ಹೊಟ್ಟು ಕಲಸಿದ ಮಣ್ಣಿನ ಗಿಲಾವು, ಅದರ ಮೇಲೆ ಜಿಪ್ಸಮ್‌ನ ತೆಳು ಪದರ. ಆಮೇಲೆ ದಾರವನ್ನು ಕೆಂಪು ಕಾವಿಯಲ್ಲಿ ಅದ್ದಿ, ಬಿಗಿಯಾಗಿ ಎಳೆದು, ಮಧ್ಯದಲ್ಲಿ ಹಿಡಿದು ಪಟ್ಟನೆ ಬಿಟ್ಟರೆ ಗೋಡೆಯ ಮೇಲೆ ನೇರ ಗೆರೆ. ಹೀಗೆ ಅಡ್ಡ, ಉದ್ದ ಹೊಡೆದು ಚೌಕಗಳನ್ನು ಮಾಡಿಕೊಳ್ಳುತ್ತಾರೆ. ಕೆಂಪಿನಲ್ಲಿ ರೇಖೆ ಬರೆಯುವವನು ಒಬ್ಬ, ಕಪ್ಪಿನಲ್ಲಿ ತಿದ್ದುವವನು ಅವನ ಮೇಲಿನವನು. ಅನಂತರ ಉಳಿಯವನು, ಕೊನೆಗೆ ಬಣ್ಣದವನು. ರಾಜರ ಕಣಿವೆಯಲ್ಲಿ ಹೋರೆಮ್‌ಹೆಬ್‌ನ ಗೋರಿಯ ಕೆಲಸ ಅರ್ಧಕ್ಕೇ ನಿಂತಿದ್ದರಿಂದ ಈ ಹಂತಗಳೆಲ್ಲ ಅಲ್ಲಿ ಬೇರೆ ಬೇರೆಯಾಗಿ ಕಣ್ಣಿಗೆ ಬೀಳುತ್ತವೆ.

ನಿಂತ ಆಕೃತಿಗೆ ಅಂಗಾಲಿನಿಂದ ಹಣೆಯ ಕೂದಲಿನ ಅಂಚಿನವರೆಗೆ 18 ಚೌಕ. ಮಂಡಿ 6ರ ಹತ್ತಿರ, ಪಿರ್ರೆಯ ಕೆಳಅಂಚು 9ರಲ್ಲಿ, ಮೊಣಕೈ 12ರಲ್ಲಿ, ಕುತ್ತಿಗೆ ಭುಜ ಸೇರುವಲ್ಲಿ 16. ಕುಳಿತ ಆಕೃತಿಗೆ 14. ಇದನ್ನು ನಕಲು ಮಾಡಲು ಹೊರಟವರು ಸಾಮಾನ್ಯವಾಗಿ 18ನೇ ಗೆರೆಯನ್ನು ನೆತ್ತಿಗೆ ತಂದಿಡುತ್ತಾರೆ. ಆಗ ಆಕೃತಿ ಕುಳ್ಳಾಗಿ, ತಲೆ ಅಪ್ಪಚ್ಚಿಯಾಗುತ್ತದೆ. ಕಿರೀಟ, ಕೃತಕ ಕೂದಲು ಯಾವ ಎತ್ತರಕ್ಕಾದರೂ ಹೋಗಬಹುದಾದ್ದರಿಂದ ಅಳತೆಯನ್ನು ಹಣೆಯ ಅಂಚಿಗೇ ನಿಲ್ಲಿಸಿದ್ದರು. ಇನ್ನೊಂದು ಎಚ್ಚರ: 26ನೇ ರಾಜವಂಶದ (ಸುಮಾರು ಕ್ರಿ.ಪೂ. 664–525) ಹೊತ್ತಿಗೆ ಲೆಕ್ಕ ಬದಲಾಗಿತ್ತು. ಮೇಲಿನ ಕಣ್ರೆಪ್ಪೆಯವರೆಗೆ 21 ಚೌಕ. ಟಾಲೆಮಿ ಕಾಲದ ಗುಡಿಯ ಚಿತ್ರಕ್ಕೆ 18ರ ಚೌಕ ಹಾಕಿದರೆ ಯಾವ ಅಂಗವೂ ಗೆರೆಗೆ ಕೂರುವುದಿಲ್ಲ.

ಮೂರೂವರೆ ಸಾವಿರ ವರ್ಷ ಆದ್ರೂ ಬಣ್ಣ ಹಾಗೇ ಇದೆ. ಏನು ಹಾಕ್ತಿದ್ರು?

ಹೆಚ್ಚಿನವು ಖನಿಜಗಳು, ಅದಕ್ಕೇ ಮಾಸಿಲ್ಲ. ಕೆಂಪು, ಹಳದಿಗೆ ಕಾವಿಮಣ್ಣು. ಹೊಳಪಿನ ಹಳದಿಗೆ ಹರಿತಾಳ. ಕಪ್ಪಿಗೆ ಮಸಿ, ಇದ್ದಿಲು. ಬಿಳಿಗೆ ಜಿಪ್ಸಮ್ ಅಥವಾ ಸುಣ್ಣಕಲ್ಲಿನ ಪುಡಿ. ಹಸಿರಿಗೆ ತಾಮ್ರದ ಅದಿರಾದ ಮ್ಯಾಲಕೈಟ್. ಅಂಟಿಗೆ ಜಾಲಿ ಜಾತಿಯ ಮರದ ಗೋಂದು ಅಥವಾ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಸರೇಸು. ಹರಿತಾಳ ಆರ್ಸೆನಿಕ್‌ನ ಸಂಯುಕ್ತ, ವಿಷ. ಬೆಳಕಿಗೆ ಬಿಳಿಚಿಕೊಳ್ಳುವುದೂ ಅದೇ.

ಜಾಣತನವೆಲ್ಲ ನೀಲಿಯಲ್ಲಿದೆ. ಮರಳು, ಸುಣ್ಣ, ತಾಮ್ರದ ಪುಡಿಗೆ ಸ್ವಲ್ಪ ನೇಟ್ರನ್ ಎಂಬ ಸೋಡಾ ಉಪ್ಪು ಬೆರೆಸಿ ಸುಮಾರು 850ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ನೀಲಿ ಗಟ್ಟಿ ಸಿಗುತ್ತದೆ. ಅದನ್ನು ಅರೆದರೆ ಬಣ್ಣ. ಬೆಂಕಿ ಹೆಚ್ಚಾದರೆ ನೀಲಿ ಹರಳು ಕರಗಿ ಹಸಿರು ಗಾಜಾಗುತ್ತದೆ. ಗಾಳಿಯಾಡದೆ ಹೊಗೆ ತುಂಬಿದರೆ ತಾಮ್ರ ಕೆಂಪಿಗೆ ತಿರುಗುತ್ತದೆ. ಅರೆಯುವುದೂ ಹದದಲ್ಲಿರಬೇಕು, ತೀರಾ ನುಣ್ಣಗೆ ಅರೆದರೆ ಬಣ್ಣ ತಿಳಿಯಾಗುತ್ತದೆ.

ಇದು ಒಣ ಗೋಡೆಯ ಮೇಲೆ ಗೋಂದಿನಲ್ಲಿ ಹಚ್ಚಿದ ಬಣ್ಣ. ನೀರು ತಾಗಿದರೆ ಎದ್ದುಬರುತ್ತದೆ. ಬೆವರಿನ ಕೈ ತಾಗಿದರೂ ಸಾಕು.

ಕೆಲವು ಕಡೆ ಚಿತ್ರ ಗೋಡೆಯಿಂದ ಉಬ್ಬಿದೆ, ಕೆಲವು ಕಡೆ ಗೋಡೆಯೊಳಗೆ ಇಳಿದಿದೆ. ಯಾಕೆ?

ಉಬ್ಬುಶಿಲ್ಪಕ್ಕೆ ಆಕೃತಿಯ ಸುತ್ತಲಿನ ಗೋಡೆಯನ್ನೆಲ್ಲ ಕೆರೆದು ತೆಗೆಯಬೇಕು. ಮಂದ ಬೆಳಕಿನ ಒಳಕೋಣೆಗೆ ಅದು ಚೆಂದ. ಹೊರಗೋಡೆಯಲ್ಲಿ ನೆತ್ತಿಯ ಬಿಸಿಲು ಆ ಸಣ್ಣ ಉಬ್ಬನ್ನು ನುಂಗಿಬಿಡುತ್ತದೆ. ಅಲ್ಲಿ ಆಕೃತಿಯ ಅಂಚನ್ನೇ ಆಳವಾಗಿ ಕೊರೆದರೆ ಅಂಚಿನಲ್ಲಿ ಗಾಢ ನೆರಳು ಬಿದ್ದು ಚಿತ್ರ ಎದ್ದು ಕಾಣುತ್ತದೆ. ಕೆಲಸವೂ ಬೇಗ ಮುಗಿಯುತ್ತದೆ. ಕಾರ್ನಾಕ್ ಸಭಾಂಗಣದ ಉತ್ತರ ಭಾಗದಲ್ಲಿ ಮೊದಲನೇ ಸೇಟಿಯ ನಾಜೂಕಾದ ಉಬ್ಬು ಕೆತ್ತನೆ ಇದೆ; ಅವನ ಮಗ ರಾಮ್ಸೆಸ್ ದಕ್ಷಿಣ ಭಾಗಕ್ಕೆ ಬರುವಷ್ಟರಲ್ಲಿ ಇಳಿಗೆತ್ತನೆಗೆ ಜಾರಿಕೊಂಡ. ಅವಸರದ ರಾಜ ಎನ್ನದೆ ವಿಧಿಯಿಲ್ಲ. ಹೊರಗೋಡೆಗಳ ಫೋಟೋ ತೆಗೆಯುವವರು ಬೆಳಗ್ಗೆ ಬೇಗ ಅಥವಾ ಇಳಿಹೊತ್ತಿಗೆ ಹೋಗಿ, ಓರೆ ಬಿಸಿಲಲ್ಲಿ ಗೆರೆಗಳೆಲ್ಲ ಎದ್ದುನಿಲ್ಲುತ್ತವೆ.

ಎಷ್ಟೊಂದು ಮೂರ್ತಿಗಳ ಮೂಗು ಮುರಿದಿದೆ. ಬೇಕೂಂತ ಮಾಡಿದ್ದಾ?

ಕೆಲವು ಬಿದ್ದು ಮುರಿದವು. ಮೂರ್ತಿ ಮುಗ್ಗರಿಸಿದರೆ ಮೊದಲು ಹೋಗುವುದು ಮೂಗೇ. ಆದರೆ ಗೋಡೆಯ ಚಪ್ಪಟೆ ಶಿಲ್ಪದಲ್ಲೂ ಮೂಗನ್ನೇ ಗುರಿಯಿಟ್ಟು ಕೆತ್ತಿ ತೆಗೆದದ್ದು ಕಾಣುತ್ತದೆ. ಮೂರ್ತಿಗೆ ಉಸಿರು ಬರುವುದು ಮೂಗಿನಿಂದ. ಅದನ್ನು ಒಡೆದರೆ ಮೂರ್ತಿ ಕೆಲಸಕ್ಕೆ ಬಾರದು. ಹಾಗೆಯೇ ನೈವೇದ್ಯ ಸ್ವೀಕರಿಸುವ ಕೈಯನ್ನು ಮುರಿಯುತ್ತಿದ್ದರು, ಹೆಸರನ್ನು ಅಳಿಸುತ್ತಿದ್ದರು. ಹತ್‌ಶೆಪ್ಸುತ್ ರಾಣಿಯ ಹೆಸರು, ಚಿತ್ರಗಳನ್ನು ಮೂರನೇ ಥುತ್‌ಮೋಸ್ ತನ್ನ ಆಳ್ವಿಕೆಯ ಕೊನೆಗಾಲದಲ್ಲಿ ಅಳಿಸಿದ್ದು ಇದೇ ತರ್ಕದಿಂದ.

ಸ್ಫಿಂಕ್ಸ್‌ನ ಮೂಗನ್ನು ನೆಪೋಲಿಯನ್‌ನ ತೋಪು ಹಾರಿಸಿತು ಎಂಬ ಕಥೆ ಸುಳ್ಳು. ಅವನು ಬಂದದ್ದು 1798ರಲ್ಲಿ. ಡೆನ್ಮಾರ್ಕಿನ ಫ್ರೆಡರಿಕ್ ನಾರ್ಡನ್ 1737ರಲ್ಲಿ ಬರೆದುಕೊಂಡ ಚಿತ್ರದಲ್ಲೇ ಮೂಗಿಲ್ಲ.

## ಕಟ್ಟಡ

ಪಿರಮಿಡ್ ಕಟ್ಟಿದ್ದು ಗುಲಾಮರಾ? ಅನ್ಯಗ್ರಹದವರು ಅಂತಾನೂ ವಿಡಿಯೋಗಳಿವೆ.

ಕಟ್ಟಿದವರ ದಿನಚರಿಯೇ ಸಿಕ್ಕಿದೆ. ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ 2013ರಲ್ಲಿ ಪಿಯರ್ ತಲೇ ಅವರ ತಂಡಕ್ಕೆ ಸಿಕ್ಕ ಪಪೈರಸ್ ಗಿಡದ ಹಾಳೆಗಳಲ್ಲಿ ಮೆರೆರ್ ಎಂಬ ಮೇಸ್ತ್ರಿ, ತೂರಾದ ಗಣಿಯಿಂದ ದೋಣಿಯಲ್ಲಿ ಸುಣ್ಣಕಲ್ಲು ತುಂಬಿಸಿ ಗಿಜಾಕ್ಕೆ ಒಯ್ದ ಲೆಕ್ಕ ಬರೆದಿಟ್ಟಿದ್ದಾನೆ. ಹತ್ತು ದಿನಕ್ಕೆ ಎರಡು ಮೂರು ಸುತ್ತು. ಗಿಜಾದ ದಕ್ಷಿಣಕ್ಕೆ ಕೆಲಸಗಾರರ ಊರು, ರೊಟ್ಟಿ ಬೇಯಿಸುವ ಒಲೆಗಳು, ರಾಶಿ ರಾಶಿ ದನ, ಕುರಿಗಳ ಮೂಳೆ ಸಿಕ್ಕಿವೆ. ಮೇಲಿನ ದಿಬ್ಬದಲ್ಲಿ ಅವರ ಗೋರಿಗಳಿವೆ, ಮುರಿದು ಕಟ್ಟುಹಾಕಿ ಕೂಡಿಕೊಂಡ ಎಲುಬುಗಳಿವೆ. ಬಲವಂತದ ಸರದಿ ದುಡಿಮೆ ಇತ್ತು, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ಊಟ, ಚಿಕಿತ್ಸೆ, ರಾಜನ ಪಿರಮಿಡ್ಡಿನ ಪಕ್ಕದಲ್ಲೇ ಗೋರಿ ಪಡೆದವರನ್ನು ಸಂತೆಯಲ್ಲಿ ಕೊಂಡ ಗುಲಾಮರೆನ್ನಲಾಗದು. ಅನ್ಯಗ್ರಹದವರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಇಳಿಜಾರು ಅಷ್ಟು ಕರಾರುವಾಕ್ಕಾಗಿ ಹೇಗೆ ಬಂತು? ತಪ್ಪಿದ್ದೇ ಇಲ್ವಾ?

ಕೋನವನ್ನು ಅವರು ಡಿಗ್ರಿಯಲ್ಲಿ ಅಳೆಯುತ್ತಿರಲಿಲ್ಲ. ಒಂದು ಮೊಳ ಮೇಲೇರಿದರೆ ಎಷ್ಟು ಒಳಸರಿಯಬೇಕು ಎಂಬುದೇ ಅಳತೆ, ಅದರ ಹೆಸರು ಸೆಕೆದ್. ರಾಜಮೊಳ ಸುಮಾರು 52.4 ಸೆಂ.ಮೀ., ಅದರಲ್ಲಿ 7 ಅಂಗೈ ಅಗಲ, ಪ್ರತಿ ಅಂಗೈಗೆ 4 ಬೆರಳು, ಒಟ್ಟು 28 ಬೆರಳು. ಗಿಜಾದ ಅತಿ ದೊಡ್ಡದಾದ ಖುಫು ರಾಜನ ಪಿರಮಿಡ್ಡಿಗೆ ಸೆಕೆದ್ ಐದೂವರೆ ಅಂಗೈ: 7 ಅಂಗೈ ಏರಿದರೆ ಐದೂವರೆ ಒಳಕ್ಕೆ. ನಮ್ಮ ಲೆಕ್ಕದಲ್ಲಿ ಸುಮಾರು 51.8 ಡಿಗ್ರಿ. ಈ ಅಳತೆಯ ಒಂದು ಮರದ ಮಟ್ಟಗೋಲು ಮಾಡಿಕೊಟ್ಟರೆ ಪ್ರತಿ ಕಲ್ಲುಕುಟಿಗನೂ ಹೊರಮೈ ಕಲ್ಲನ್ನು ಅದೇ ಓರೆಗೆ ಕಡಿಯಬಲ್ಲ. ಆ ಕಾಲದ ಗಣಿತದ ಹೊತ್ತಗೆಯಾದ ರೈಂಡ್ ಪಪೈರಸ್‌ನಲ್ಲಿ ಸೆಕೆದ್ ಕಂಡುಹಿಡಿಯುವ ಮನೆಲೆಕ್ಕಗಳೇ ಇವೆ. ಖುಫುವಿನದರ ಪಾದ ಸುಮಾರು 230.3 ಮೀಟರ್, ಮೂಲ ಎತ್ತರ ಸುಮಾರು 146.6 ಮೀಟರ್, ಕಲ್ಲುಗಳು 23 ಲಕ್ಷದಷ್ಟು ಎಂಬುದು ಅಂದಾಜು.

ತಪ್ಪಿದ್ದು ಖುಫುವಿನ ಅಪ್ಪ ಸ್ನೆಫೆರುವಿನ ಕಾಲದಲ್ಲಿ. ದಹ್ಶೂರ್‌ನಲ್ಲಿ ಅವನ ಪಿರಮಿಡ್ ಸುಮಾರು 54 ಡಿಗ್ರಿಯ ಕಡಿದಾದ ಓರೆಯಲ್ಲಿ ಮೇಲೇರಿತು. ಕೆಳಗಿನ ನೆಲ ಜಲ್ಲಿ, ಜೇಡಿಯ ಮೆತ್ತನೆಯ ನೆಲ; ಭಾರ ಏರಿದಂತೆ ಒಳಕೋಣೆಗಳು ಬಿರುಕು ಬಿಟ್ಟವು. ದೇವದಾರು ತೊಲೆಗಳನ್ನು ಆನಿಕೆ ಕೊಟ್ಟರು, ಬಿರುಕಿಗೆ ಗಾರೆ ತುಂಬಿದರು. ಕೊನೆಗೆ ಮೇಲಿನ ಅರ್ಧವನ್ನು ಸುಮಾರು 43 ಡಿಗ್ರಿಗೆ ತಗ್ಗಿಸಿ ಭಾರ ಇಳಿಸಿದರು. ಅದೇ ಬಾಗಿದ ಪಿರಮಿಡ್. ಮುಂದೆ ಅವನೇ ಕಟ್ಟಿಸಿದ ಕೆಂಪು ಪಿರಮಿಡ್ ಪಾದದಿಂದಲೇ 43 ಡಿಗ್ರಿಯದು. ಮಗನ ಕಾಲಕ್ಕೆ ಗಟ್ಟಿ ಬಂಡೆಯ ನೆಲ ಆರಿಸಿಕೊಂಡಿದ್ದರು.

ಕಬ್ಬಿಣವಿಲ್ಲದೆ ಗ್ರಾನೈಟ್ ಕಡಿದದ್ದು ಹೇಗೆ?

ಕುಟ್ಟಿ, ಉಜ್ಜಿ. ತಾಮ್ರದ ಉಳಿ ಸುಣ್ಣಕಲ್ಲಿಗೆ ಸಾಕು, ಗ್ರಾನೈಟಿಗೆ ಮಣಿಯುತ್ತದೆ. ಆಸ್ವಾನ್ ಗಣಿಗಳಲ್ಲಿ ಡಾಲರೈಟ್ ಎಂಬ ಇನ್ನೂ ಗಟ್ಟಿ ಕಲ್ಲಿನ ಗುಂಡುಗಳಿಂದ ಗ್ರಾನೈಟನ್ನು ಜಜ್ಜಿ ಪುಡಿ ಮಾಡುತ್ತಾ ಕಂದಕ ತೋಡುತ್ತಿದ್ದರು. ಕೊಯ್ಯಲು ತಾಮ್ರದ ಹಲ್ಲಿಲ್ಲದ ಗರಗಸ, ಅದರಡಿ ಮರಳು. ಕೊಯ್ಯುವುದು ಮರಳಿನ ಹರಳು, ತಾಮ್ರ ಅದನ್ನು ಎಳೆದಾಡುತ್ತದೆ ಅಷ್ಟೇ. ತಾಮ್ರವೂ ಬೇಗ ಸವೆಯುತ್ತದೆ. ಆದ್ದರಿಂದ ಇದು ರಾಜರಿಗಷ್ಟೇ ಕೈಗೆಟುಕುವ ಕೆಲಸ.

ಆಸ್ವಾನ್‌ನಲ್ಲಿ ಇಂದಿಗೂ ಮಲಗಿರುವ ಅಪೂರ್ಣ ಒಬೆಲಿಸ್ಕ್ (ಒಂದೇ ಕಲ್ಲಿನ, ಮೊನಚು ತುದಿಯ ಕಂಬ) ಸುಮಾರು 42 ಮೀಟರ್ ಉದ್ದ, ಬಿಡಿಸಿ ತೆಗೆದಿದ್ದರೆ ತೂಕ ಸಾವಿರ ಟನ್ ಮೀರುತ್ತಿತ್ತು. ಮೂರು ಬದಿ ಬಿಡಿಸಿದ ಮೇಲೆ ಬಂಡೆಯೊಳಗಿನ ಬಿರುಕು ಬಾಯಿಬಿಟ್ಟಿತು. ಅದನ್ನು ಚಿಕ್ಕದು ಮಾಡಿ ಉಳಿಸಿಕೊಳ್ಳಲು ಹೊಸ ಗೆರೆ ಹಾಕಿ ನೋಡಿದ್ದಾರೆ, ಅದೂ ಆಗದೆ ಬಿಟ್ಟಿದ್ದಾರೆ. ಹತ್‌ಶೆಪ್ಸುತ್ ತನ್ನ ಎರಡು ಒಬೆಲಿಸ್ಕ್‌ಗಳ ಗಣಿ ಕೆಲಸ ಏಳು ತಿಂಗಳಲ್ಲಿ ಮುಗಿಯಿತೆಂದು ಕಾರ್ನಾಕ್‌ನಲ್ಲಿ ಬರೆಸಿದ್ದಾಳೆ. ಹೆಮ್ಮೆಪಡುವ ಮಾತೇ.

ಅವರ ಗುಡಿಯ ಒಳಗೆ ಏನೇನಿರುತ್ತೆ? ನಮ್ಮ ದೇವಸ್ಥಾನದ ಹಾಗೇನಾ?

ಹೊರಗೆ ಹಸಿ ಇಟ್ಟಿಗೆಯ ಎತ್ತರದ ಪ್ರಾಕಾರ. ಮುಂದೆ ಪೈಲಾನ್ ಎಂಬ ಜೋಡಿ ಗೋಪುರದ ಹೆಬ್ಬಾಗಿಲು, ಎರಡು ಬೆಟ್ಟಗಳ ನಡುವೆ ಸೂರ್ಯ ಹುಟ್ಟುವ ದಿಗಂತದ ಆಕಾರ. ಒಳಗೆ ತೆರೆದ ಅಂಗಳ, ಆಮೇಲೆ ಕಂಬಗಳ ಸಭಾಂಗಣ, ನೈವೇದ್ಯದ ಕೋಣೆ, ತುದಿಗೆ ಗರ್ಭಗುಡಿ. ಒಳಕ್ಕೆ ಹೋದಂತೆ ನೆಲ ಏರುತ್ತದೆ, ಚಾವಣಿ ಇಳಿಯುತ್ತದೆ, ಬೆಳಕು ಕುಗ್ಗುತ್ತದೆ. ಗರ್ಭಗುಡಿ ಆದಿಜಲದಿಂದ ಮೊದಲು ಎದ್ದ ದಿಬ್ಬ. ಕಂಬಗಳು ಅದರ ಸುತ್ತ ಬೆಳೆದ ಪಪೈರಸ್, ತಾವರೆಯ ಜೌಗು. ಕಾರ್ನಾಕ್ ಸಭಾಂಗಣದಲ್ಲಿ 134 ಕಂಬಗಳಿವೆ. ನಡುವಿನ 12 ಸುಮಾರು 21 ಮೀಟರ್ ಎತ್ತರ, ಅವುಗಳ ಬೋದಿಗೆ ಅರಳಿದ ಪಪೈರಸ್. ಪಕ್ಕದ 122 ಗಿಡ್ಡ, ಬೋದಿಗೆ ಮೊಗ್ಗು. ಈ ಎತ್ತರದ ವ್ಯತ್ಯಾಸದಲ್ಲಿ ಕಲ್ಲಿನ ಜಾಲಂಧ್ರ ಕೂರಿಸಿ ನಡುದಾರಿಗೆ ಬೆಳಕು ಬಿಟ್ಟಿದ್ದಾರೆ.

ನಿತ್ಯಪೂಜೆ ಓದಿದರೆ ನಮ್ಮವರಿಗೆ ಪರಿಚಿತ ಅನ್ನಿಸುತ್ತದೆ. ತಲೆ, ಮೈ ಬೋಳಿಸಿ, ಮಿಂದು, ನಾರುಮಡಿ ಉಟ್ಟ ಅರ್ಚಕ ಬೆಳಗಿನ ಜಾವ ಮಂಟಪದ ಜೇಡಿಮಣ್ಣಿನ ಮುದ್ರೆ ಒಡೆದು ಬಾಗಿಲು ತೆರೆಯುತ್ತಾನೆ, ಸಾಷ್ಟಾಂಗ ಬೀಳುತ್ತಾನೆ, ಧೂಪ ಹಾಕುತ್ತಾನೆ. ವಿಗ್ರಹವನ್ನು ತೊಳೆದು, ಬಟ್ಟೆ ಉಡಿಸಿ, ಕಿರುಬೆರಳಿನಿಂದ ಸುಗಂಧ ತೈಲ ಹಚ್ಚಿ, ಊಟ ಇಡುತ್ತಾನೆ. ಹಿಂದೆ ಸರಿಯುತ್ತಾ ತನ್ನ ಹೆಜ್ಜೆ ಗುರುತನ್ನು ಪೊರಕೆಯಿಂದ ಗುಡಿಸಿ ಮತ್ತೆ ಮುದ್ರೆ ಹಾಕುತ್ತಾನೆ. ನೈವೇದ್ಯ ಆಮೇಲೆ ಅರ್ಚಕರ ಪಾಲು. ಅರ್ಚಕರಲ್ಲಿ ಬಹಳ ಮಂದಿ ಸರದಿಯವರು: ನಾಲ್ಕು ತಿಂಗಳಿಗೊಮ್ಮೆ ಒಂದು ತಿಂಗಳ ಸೇವೆ, ಉಳಿದ ಕಾಲ ಸಂಸಾರ, ವ್ಯವಹಾರ.

ದೊಡ್ಡ ವ್ಯತ್ಯಾಸ ದರ್ಶನದ್ದು. ಸಾಮಾನ್ಯ ಜನ ಸಭಾಂಗಣ ದಾಟುವ ಹಾಗಿರಲಿಲ್ಲ. ದೇವರು ದೋಣಿಯಾಕಾರದ ಪಲ್ಲಕ್ಕಿಯಲ್ಲಿ ಹಬ್ಬಕ್ಕೆ ಹೊರಬಂದಾಗಲೂ ವಿಗ್ರಹ ಪರದೆಯೊಳಗೇ ಇರುತ್ತಿತ್ತು. ಅವರ ಪೂಜೆ, ನಮ್ಮ ಪೂಜೆ ಎರಡರ ನಡುವೆ ಕೊಡು-ಕೊಳ್ಳುವಿಕೆ ಇತ್ತೆಂಬುದಕ್ಕೆ ಆಧಾರವಿಲ್ಲ. ದೇವರನ್ನು ಮನೆಯ ಯಜಮಾನನಂತೆ ಉಪಚರಿಸುವ ಯಾವ ಜನರಲ್ಲೂ ಇಂಥ ಕ್ರಮ ಹುಟ್ಟಬಲ್ಲದು.

## ದೇವರು ಮತ್ತು ಸಾವು

ಬೆಕ್ಕು, ಮೊಸಳೆ, ನರಿ... ಪ್ರಾಣಿಗಳನ್ನೇ ಪೂಜಿಸುತ್ತಿದ್ದರಾ?

ಪ್ರಾಣಿಯ ತಲೆ ದೇವರ ಸ್ವಭಾವ ಹೇಳುವ ಗುರುತು. ಹೋರಸ್‌ಗೆ ಗಿಡುಗ, ಸೋಬೆಕ್‌ಗೆ ಮೊಸಳೆ, ಸ್ಮಶಾನ ಕಾಯುವ ಅನೂಬಿಸ್‌ಗೆ ನರಿ. ಹಾಗೆಂದು ಎಲ್ಲ ಗೂಳಿಯೂ ದೇವರಲ್ಲ. ನಿರ್ದಿಷ್ಟ ಮಚ್ಚೆಗಳಿದ್ದ ಒಂದೇ ಒಂದು ಗೂಳಿ ಮೆಂಫಿಸ್‌ನ ಏಪಿಸ್. ಅದು ಸತ್ತ ಮೇಲೆ ಇನ್ನೊಂದನ್ನು ಹುಡುಕುತ್ತಿದ್ದರು. ಸತ್ತ ಏಪಿಸ್‌ಗಳ ನೆಲಮಾಳಿಗೆಯನ್ನು ಸಕ್ಕಾರಾದಲ್ಲಿ ಆಗಸ್ಟ್ ಮಾರಿಯೆಟ್ 1851ರಲ್ಲಿ ತೆರೆದ. ಹರಕೆಯ ಪ್ರಾಣಿಮಮ್ಮಿಗಳು ಬೇರೆ, ಅವು ಲಕ್ಷಗಟ್ಟಲೆ ಇವೆ. ಎಕ್ಸ್-ರೇ ಹಿಡಿದರೆ ಕೆಲವುಗಳಲ್ಲಿ ಒಂದೆರಡು ಮೂಳೆ, ಗರಿ, ಕೆಸರು ಮಾತ್ರ. ಭಕ್ತನಿಗೆ ಟೋಪಿ ಹಾಕುವುದು ಆಗಲೂ ಇತ್ತು.

ಚಿತ್ರದಲ್ಲಿರುವ ದೇವರು ಯಾರೆಂದು ಪತ್ತೆ ಹಚ್ಚುವುದು ಹೇಗೆ?

ಮುಖ ನೋಡಬೇಡಿ, ತಲೆಯ ಮೇಲೇನಿದೆ ನೋಡಿ. ಎರಡು ನೀಳ ಗರಿ ಇದ್ದರೆ ಅಮುನ್, ಒಂದೇ ಗರಿ ಇದ್ದರೆ ಮಾತ್, ಸಿಂಹಾಸನದ ಆಕಾರವಿದ್ದರೆ ಐಸಿಸ್, ಗಿಡುಗನ ತಲೆಯ ಮೇಲೆ ಸೂರ್ಯಬಿಂಬವಿದ್ದರೆ ರಾ. ಮಮ್ಮಿಯಂತೆ ಸುತ್ತಿಕೊಂಡ ಹಸಿರು ಅಥವಾ ಕಪ್ಪು ಮೈಯವನು ಒಸೈರಿಸ್. ಹಾಗೇ ಸುತ್ತಿಕೊಂಡು ಬಿಗಿಯಾದ ಟೋಪಿ, ನೇರ ಗಡ್ಡವಿದ್ದರೆ ಪ್ತಾ. ಹೆಚ್ಚಿನವರು ಎಡವುವುದು ಕೊಂಬಿನ ನಡುವೆ ಸೂರ್ಯಬಿಂಬ ಹೊತ್ತ ದೇವಿಯಲ್ಲಿ. ಅದು ಹಾಥೋರ್‌ಳ ಗುರುತು, ಆದರೆ ಹೊಸ ಸಾಮ್ರಾಜ್ಯದಿಂದ ಐಸಿಸ್ ಕೂಡ ಅದನ್ನೇ ಧರಿಸುತ್ತಾಳೆ. ಆಗ ಮುಖದ ಮುಂದೆ ಅಥವಾ ಮೇಲೆ ಬರೆದ ಹೆಸರೇ ಗತಿ. ಅಕ್ಷರದ ಹಕ್ಕಿ, ಮನುಷ್ಯರು ಯಾವ ಕಡೆ ಮುಖ ಮಾಡಿದ್ದಾರೋ ಆ ಕಡೆಯಿಂದ ಓದಲು ಶುರು ಮಾಡಬೇಕು.

ಮಮ್ಮಿ ಮಾಡುವ ವಿಧಾನ ಹಂತ ಹಂತವಾಗಿ ಹೇಳ್ತೀರಾ?

ಒಟ್ಟು 70 ದಿನದ ಕೆಲಸ, ಅದರಲ್ಲಿ ಒಣಗಿಸಲು ಸುಮಾರು 40. ಹೊಸ ಸಾಮ್ರಾಜ್ಯದ ಒಳ್ಳೆಯ ಕ್ರಮ ಹೀಗಿತ್ತು. ಮೈ ತೊಳೆದ ಮೇಲೆ ಮೂಗಿನೊಳಗೆ ಲೋಹದ ಕಡ್ಡಿ ತೂರಿಸಿ, ಮೇಲಿನ ತೆಳು ಎಲುಬು ಒಡೆದು ಮೆದುಳನ್ನು ಕದಡಿ ಹೊರತೆಗೆಯುತ್ತಾರೆ, ಅದನ್ನು ಉಳಿಸುವುದಿಲ್ಲ. ಎಡ ಪಕ್ಕೆಯ ಕೆಳಗೆ ಸೀಳಿ ಒಳಗಿನ ಅಂಗಗಳನ್ನು ತೆಗೆಯುತ್ತಾರೆ. ಬುದ್ಧಿ, ನೆನಪು ಇರುವುದು ಹೃದಯದಲ್ಲಿ ಎಂಬ ನಂಬಿಕೆಯಿಂದ ಅದನ್ನು ಮಾತ್ರ ಅಲ್ಲೇ ಬಿಡುತ್ತಾರೆ. ತೆಗೆದ ಅಂಗಗಳಿಗೆ ನಾಲ್ಕು ಜಾಡಿ: ಯಕೃತ್ತನ್ನು ಮನುಷ್ಯ ತಲೆಯ ಇಮ್ಸೆತಿ, ಶ್ವಾಸಕೋಶವನ್ನು ಬಬೂನ್ ಕೋತಿಯ ತಲೆಯ ಹಾಪಿ, ಹೊಟ್ಟೆಯನ್ನು ನರಿತಲೆಯ ದುಆಮುತೆಫ್, ಕರುಳನ್ನು ಗಿಡುಗದ ತಲೆಯ ಕೆಬೆಹ್ಸೆನುಎಫ್ ಕಾಯುತ್ತಾರೆ. ಆಮೇಲೆ ದೇಹದ ಒಳಗೂ ಹೊರಗೂ ನೇಟ್ರನ್ ಪುಡಿ. ಕೈರೋದ ವಾಯವ್ಯಕ್ಕಿರುವ ವಾದಿ ನತ್ರೂನ್‌ನ ಒಣಕೆರೆಗಳಲ್ಲಿ ಸಿಗುವ ಇದು ನೀರನ್ನೂ ಹೀರುತ್ತದೆ, ಕೊಬ್ಬನ್ನೂ ಒಡೆಯುತ್ತದೆ. ಕೊನೆಗೆ ಎಣ್ಣೆ, ರಾಳ, ತಾಯಿತಗಳು, ನೂರಾರು ಮೀಟರ್ ನಾರುಬಟ್ಟೆ.

ನೇಟ್ರನ್ ದ್ರಾವಣವೋ, ಪುಡಿಯೋ ಎಂಬ ವಾದ ಬಹುಕಾಲ ನಡೆಯಿತು. 1994ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಬಾಬ್ ಬ್ರಯರ್, ರಾನ್ ವೇಡ್ ಎಂಬ ತಜ್ಞರು ದಾನವಾಗಿ ಬಂದ ದೇಹವೊಂದನ್ನು ಒಣ ಪುಡಿಯಲ್ಲಿಟ್ಟು ಯಶಸ್ವಿಯಾದರು. ಇನ್ನೂರೈವತ್ತು ಕಿಲೋಗೂ ಹೆಚ್ಚು ನೇಟ್ರನ್ ಬೇಕಾಯಿತು. ಅತಿ ಮಾಡಿದರೆ ಕೆಡುವುದಕ್ಕೆ ಟುಟಾಂಖಾಮುನ್ ಸಾಕ್ಷಿ: ಬಕೆಟ್ಟುಗಟ್ಟಲೆ ಸುರಿದ ರಾಳ ಗಟ್ಟಿಯಾಗಿ ದೇಹ ಪೆಟ್ಟಿಗೆಗೇ ಕಚ್ಚಿಕೊಂಡು, ಮೈ ಸುಟ್ಟಂತೆ ಕರಕಲಾಗಿತ್ತು.

ಹೃದಯ ತೂಗೋದು ಅಂದ್ರೆ ಏನು? ಪಾಪ ಮಾಡಿದವರು ನರಕಕ್ಕೆ ಹೋಗ್ತಾರಾ?

ಒಸೈರಿಸ್‌ನ ಸಭೆಯಲ್ಲಿ ತಕ್ಕಡಿಯ ಒಂದು ತಟ್ಟೆಗೆ ಹೃದಯ, ಇನ್ನೊಂದಕ್ಕೆ ಮಾತ್‌ಳ ಗರಿ. ಸತ್ಯ, ನ್ಯಾಯ, ಲೋಕದ ಅಚ್ಚುಕಟ್ಟು ಎಲ್ಲ ಸೇರಿದ ದೇವಿ ಅವಳು. ಅನೂಬಿಸ್ ತೂಗುತ್ತಾನೆ, ಥೋತ್ ಬರೆದುಕೊಳ್ಳುತ್ತಾನೆ. ಸತ್ತವನು 42 ನ್ಯಾಯಾಧೀಶ ದೇವತೆಗಳ ಮುಂದೆ ಕದ್ದಿಲ್ಲ, ಕೊಂದಿಲ್ಲ, ತೂಕದಲ್ಲಿ ಮೋಸ ಮಾಡಿಲ್ಲ ಎಂದು ಒಂದೊಂದಾಗಿ ಹೇಳಬೇಕು. ಹೃದಯ ಭಾರವಾದರೆ ಮೊಸಳೆ ಬಾಯಿ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗದ ಅಮ್ಮಿತ್ ಅದನ್ನು ತಿಂದುಬಿಡುತ್ತಾಳೆ. ಅಲ್ಲಿಗೆ ಎರಡನೇ ಸಾವು, ಇಲ್ಲವಾಗುವುದು. ಗೆದ್ದವನಿಗೆ ಜೊಂಡಿನ ಬಯಲು, ಅಲ್ಲೂ ನೈಲ್, ಅಲ್ಲೂ ಉಳುಮೆ. ಹೃದಯವೇ ಒಡೆಯನ ಮೇಲೆ ಸಾಕ್ಷಿ ಹೇಳಿಬಿಟ್ಟರೆ? ಅದಕ್ಕೂ ಮುಂಜಾಗ್ರತೆ ಇತ್ತು: ‘ನನ್ನ ವಿರುದ್ಧ ನಿಲ್ಲಬೇಡ’ ಎಂಬ ಅರ್ಥದ ಮಂತ್ರ ಕೊರೆದ ಕಲ್ಲಿನ ಜೀರುಂಡೆಯನ್ನು ಎದೆಯ ಮೇಲೆ ಇಡುತ್ತಿದ್ದರು.

ಗೋರಿಯಲ್ಲಿ ಸಿಗುವ ನೀಲಿ ಗೊಂಬೆಗಳು ಯಾವುದಕ್ಕೆ?

ಪರಲೋಕದಲ್ಲಿ ಉಳುಮೆಗೆ ಕರೆ ಬಂದರೆ ಒಡೆಯನ ಬದಲು ‘ನಾನಿದ್ದೇನೆ’ ಎಂದು ಓಗೊಡಲು. ಹೆಸರು ಶಬ್ತಿ. ಕಾಲಾಂತರದಲ್ಲಿ ಪೂರ್ತಿ ತಂಡ ಎಂದರೆ ದಿನಕ್ಕೊಬ್ಬರಂತೆ 365, ಹತ್ತು ಜನಕ್ಕೊಬ್ಬ ಮೇಸ್ತ್ರಿಯಂತೆ 36, ಒಟ್ಟು 401. ಟುಟಾಂಖಾಮುನ್‌ಗೆ 413 ಇದ್ದವು. ನೀಲಿಯವು ಫಯಾನ್ಸ್: ಬೆಣಚುಕಲ್ಲಿನ ಪುಡಿಗೆ ಸುಣ್ಣ, ನೇಟ್ರನ್, ತಾಮ್ರ ಕಲಸಿ ಅಚ್ಚಿಗೆ ಒತ್ತಿದ ಹಿಟ್ಟು. ಒಣಗುವಾಗ ಉಪ್ಪು ಮೇಲ್ಮೈಗೆ ಬಂದು ಕೂರುತ್ತದೆ, ಸುಟ್ಟಾಗ ಅದೇ ಕರಗಿ ಮೆರುಗಾಗುತ್ತದೆ. ಒಣಗುತ್ತಿರುವಾಗ ಮುಟ್ಟಿದರೆ ಉಪ್ಪು ಉದುರಿ ಅಲ್ಲಲ್ಲಿ ಬೋಳಾಗುತ್ತದೆ.

## ಇನ್ನೂ ಒಳಗೆ ಹೋಗುವವರಿಗೆ

ಅಖೆನಾತೆನ್ ಒಬ್ಬನೇ ದೇವರು ಅಂದನಲ್ಲ, ಅದು ಕಟ್ಟಡದಲ್ಲಿ ಕಾಣುತ್ತಾ?

ಎಲ್ಲಕ್ಕಿಂತ ಚೆನ್ನಾಗಿ ಕಟ್ಟಡದಲ್ಲೇ ಕಾಣುವುದು. ಸುಮಾರು ಕ್ರಿ.ಪೂ. 1353ರಿಂದ ಆಳಿದ ಅವನ ದೇವರು ಆತೆನ್, ಕಣ್ಣಿಗೆ ಕಾಣುವ ಸೂರ್ಯಬಿಂಬ. ಬಿಂಬಕ್ಕೆ ಕತ್ತಲೆಯ ಗರ್ಭಗುಡಿ ಯಾಕೆ? ಅವನ ಹೊಸ ರಾಜಧಾನಿ ಅಮರ್ನಾದ ಗುಡಿಗಳು ಚಾವಣಿಯಿಲ್ಲದ ಅಂಗಳಗಳು, ತುಂಬಾ ನೈವೇದ್ಯದ ಪೀಠಗಳು. ಬೇಗ ಕಟ್ಟಲು ಒಂದು ಮೊಳ ಉದ್ದ, ಅರ್ಧ ಮೊಳ ಅಗಲದ, ಒಬ್ಬನೇ ಹೊರಬಲ್ಲ ಕಲ್ಲುಗಳನ್ನು ಬಳಸಿದರು. ಅವಕ್ಕೆ ಇಂದು ತಲಾತಾತ್ ಎನ್ನುತ್ತಾರೆ. ಬೇಗ ಕಟ್ಟಿದ್ದನ್ನು ಬೇಗ ಕೆಡವಲೂಬಹುದು. ಹೋರೆಮ್‌ಹೆಬ್ ಮೊದಲಾದವರು ಕಾರ್ನಾಕ್‌ನ ಆತೆನ್ ಗುಡಿಗಳನ್ನು ಬಿಚ್ಚಿ ಆ ಕಲ್ಲುಗಳನ್ನು ತಮ್ಮ ಪೈಲಾನ್‌ಗಳ ಹೊಟ್ಟೆಗೆ ತುಂಬಿದರು. ಅಳಿಸಲು ಹೊರಟವರೇ ಸಾವಿರಾರು ಬಣ್ಣದ ಶಿಲ್ಪಗಳನ್ನು ಬಿಸಿಲಿನಿಂದ ಕಾಪಾಡಿದಂತಾಯಿತು.

ಇಷ್ಟು ಗಟ್ಟಿ ಕಟ್ಟಡ, ಚಿತ್ರಗಳು ಈಗ ಯಾಕೆ ಹಾಳಾಗ್ತಿವೆ?

ಮುಖ್ಯ ಶತ್ರು ಉಪ್ಪು. ಸುಣ್ಣಕಲ್ಲಿನಲ್ಲೇ ಉಪ್ಪಿರುತ್ತದೆ. ತೇವ ಬಂದಾಗ ಕರಗಿ ಮೇಲ್ಮೈಗೆ ಹೊರಡುತ್ತದೆ, ಆರಿದಾಗ ಗಿಲಾವಿನ ಹಿಂದೆ ಹರಳುಗಟ್ಟಿ ಊದುತ್ತದೆ, ಚಿತ್ರ ಸಮೇತ ಗಿಲಾವನ್ನು ಹೊರಕ್ಕೆ ತಳ್ಳುತ್ತದೆ. 1904ರಲ್ಲಿ ಎರ್ನೆಸ್ತೊ ಸ್ಕಿಯಾಪರೆಲ್ಲಿ ಕಂಡುಹಿಡಿದ ಎರಡನೇ ರಾಮ್ಸೆಸ್‌ನ ರಾಣಿ ನೆಫೆರ್ತಾರಿಯ ಗೋರಿ ಹೀಗೇ ಉದುರುತ್ತಿತ್ತು. ಗೆಟ್ಟಿ ಸಂಸ್ಥೆ ಮತ್ತು ಈಜಿಪ್ಟಿನ ಪುರಾತತ್ತ್ವ ಇಲಾಖೆ 1986ರಿಂದ 1992ರವರೆಗೆ ಅದನ್ನು ಸಂರಕ್ಷಿಸಿದವು. ಹೊಸ ಬಣ್ಣ ಬಳಿಯದೆ, ಸಡಿಲವಾದದ್ದನ್ನು ಕಚ್ಚಿಸಿದರು. ಒಳಗೆ ಹೋಗುವವರ ಉಸಿರು, ಬೆವರಿನ ತೇವವೂ ಉಪ್ಪನ್ನು ಎಬ್ಬಿಸುವುದರಿಂದಲೇ ಅಲ್ಲಿ ಜನ, ಹೊತ್ತು ಎರಡಕ್ಕೂ ಮಿತಿ ಹಾಕಿದ್ದರು. ಕಂಬಗಳಿಗೆ ಅಂತರ್ಜಲದ ಕಾಟ. 1899ರ ಅಕ್ಟೋಬರ್‌ನಲ್ಲಿ ಕಾರ್ನಾಕ್ ಸಭಾಂಗಣದ 11 ಕಂಬಗಳು ಒಂದರ ಮೇಲೊಂದು ಉರುಳಿದವು. ಅಷ್ಟು ಭಾರ ಹೊತ್ತ ಕಂಬಗಳ ಅಡಿಪಾಯ ಆಳವಿರಲಿಲ್ಲ, ಅದನ್ನೂ ಉಪ್ಪುನೀರು ತಿಂದಿತ್ತು.

ಈಜಿಪ್ಟಿನ ಪಪೈರಸ್‌ನಲ್ಲಿ ಕನ್ನಡ ಮಾತಿದೆ ಅಂತ ಓದಿದ್ದೆ. ನಿಜಾನಾ?

ಪಪೈರಸ್ ನಿಜ, ಕನ್ನಡ ಎಂಬುದು ಇತ್ಯರ್ಥವಾಗದ ವಾದ. ಈಜಿಪ್ಟಿನ ಹಳೆಯ ಊರಾದ ಆಕ್ಸಿರಿಂಕಸ್‌ನ ಕಸದ ದಿಬ್ಬದಲ್ಲಿ ಸಿಕ್ಕು 1903ರಲ್ಲಿ ಅಚ್ಚಾದ 413ನೇ ಪಪೈರಸ್ ರೋಮನ್ನರ ಕಾಲದ ಒಂದು ಗ್ರೀಕ್ ಪ್ರಹಸನ. ಖಾರಿಷನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯ ರಾಜನ ಕೈಗೆ ಸಿಕ್ಕಿರುತ್ತಾಳೆ. ಅವನಿಗೆ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ರಾಜನ ಕಡೆಯವರ ಗ್ರೀಕಲ್ಲದ ಮಾತುಗಳು ಕನ್ನಡವಿರಬಹುದು ಎಂದು ಜರ್ಮನಿಯ ವಿದ್ವಾಂಸ ಹುಲ್ಟ್ಷ್ 1904ರಲ್ಲಿ ಸೂಚಿಸಿದರು. ಆರ್. ಶಾಮಾಶಾಸ್ತ್ರಿ, ಗೋವಿಂದ ಪೈ ಅದನ್ನು ಮುಂದುವರಿಸಿ ಓದಲೆತ್ನಿಸಿದರು. ನಗಿಸಲು ಹೊಂದಿಸಿದ ಅರ್ಥವಿಲ್ಲದ ಸದ್ದುಗಳು ಎನ್ನುವವರೂ ಇದ್ದಾರೆ. ಏನೇ ಆದರೂ ಇದು ಪಿರಮಿಡ್ಡಿಗಿಂತ ಎರಡೂವರೆ ಸಾವಿರ ವರ್ಷ ಈಚಿನದು. ಪಶ್ಚಿಮ ಕರಾವಳಿಯ ನಂಟಿಗೆ ಗಟ್ಟಿ ಸಾಕ್ಷಿ ಬೇಕಾದರೆ ಮೆಣಸು ಇದೆ: ಎರಡನೇ ರಾಮ್ಸೆಸ್‌ನ ಮಮ್ಮಿಯ ಮೂಗಿನಲ್ಲಿ ಕರಿಮೆಣಸಿನ ಕಾಳುಗಳು, ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಗುಡಿಯಲ್ಲಿ ಭಾರತದ ಜಾಡಿಯೊಂದರಲ್ಲಿ ಸುಮಾರು ಏಳೂವರೆ ಕಿಲೋ ಕರಿಮೆಣಸು ಸಿಕ್ಕಿವೆ.

## ನೋಡಲು ಹೊರಟವರಿಗೆ

ಯಾವುದನ್ನು ಎಲ್ಲಿ ನೋಡಬೇಕು? ಭಾರತದಲ್ಲೇ ಮಮ್ಮಿ ಇದೆಯಂತೆ?

ಟುಟಾಂಖಾಮುನ್‌ನ ಗೋರಿಯ ವಸ್ತುಗಳು, ಸುಮಾರು ಹತ್ತು ಕಿಲೋ ತೂಗುವ ಚಿನ್ನದ ಮುಖವಾಡ ಸಮೇತ, 2025ರ ನವೆಂಬರ್‌ನಲ್ಲಿ ವಿಧ್ಯುಕ್ತವಾಗಿ ತೆರೆದ ಗಿಜಾದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂನಲ್ಲಿವೆ. ರಾಜ-ರಾಣಿಯರ ಮಮ್ಮಿಗಳು ಅಲ್ಲಿಲ್ಲ. 2021ರ ಏಪ್ರಿಲ್‌ನಲ್ಲಿ 22 ಮಮ್ಮಿಗಳನ್ನು ಮೆರವಣಿಗೆಯಲ್ಲಿ ಕೈರೋದ ಫುಸ್ತಾತ್‌ನ ನಾಗರಿಕತೆಯ ವಸ್ತುಸಂಗ್ರಹಾಲಯಕ್ಕೆ ಒಯ್ದರು. ಟುಟಾಂಖಾಮುನ್ ಮಾತ್ರ ರಾಜರ ಕಣಿವೆಯ ತನ್ನ ಗೋರಿಯಲ್ಲೇ ಇದ್ದಾನೆ. ಭಾರತದಲ್ಲಿ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ, ಜೈಪುರದ ಆಲ್ಬರ್ಟ್ ಹಾಲ್‌ನಲ್ಲಿ ಮಮ್ಮಿಗಳಿವೆ. ಕರ್ನಾಟಕದವರಿಗೆ ಹತ್ತಿರ ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನ ರಾಜ್ಯ ವಸ್ತುಸಂಗ್ರಹಾಲಯ.

ಅಂಗಡಿಯಲ್ಲಿ ಕೊಳ್ಳುವ ಪಪೈರಸ್ ಚಿತ್ರ ಅಸಲಿಯೋ ನಕಲಿಯೋ ತಿಳಿಯೋದು ಹೇಗೆ?

ಬೆಳಕಿಗೆ ಹಿಡಿಯಿರಿ. ಪಪೈರಸ್ ಗಿಡದ ಕಾಂಡದ ತಿರುಳನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ನೆನೆಸಿ, ಒಂದು ಪದರ ಅಡ್ಡ, ಅದರ ಮೇಲೊಂದು ಉದ್ದ ಜೋಡಿಸಿ, ಬಟ್ಟೆಯ ನಡುವಿಟ್ಟು ಭಾರ ಹೇರಿ ಒಣಗಿಸುತ್ತಾರೆ. ಗಿಡದ ರಸವೇ ಅಂಟು. ಅಸಲಿಯಲ್ಲಿ ಅಡ್ಡ-ಉದ್ದ ನಾರುಗಳು ಒಂದೇ ಸಮವಿಲ್ಲದೆ, ಅಲ್ಲಲ್ಲಿ ಕಪ್ಪು ಚುಕ್ಕೆಗಳೊಂದಿಗೆ ಕಾಣುತ್ತವೆ. ಬಾಳೆಯಿಂದ ಮಾಡಿದ ನಕಲಿಯ ಪಟ್ಟಿಗಳು ಒಂದೇ ಅಳತೆಯಲ್ಲಿರುತ್ತವೆ. ಮೆಲ್ಲಗೆ ಸುರುಳಿ ಸುತ್ತಿ ನೋಡಿ: ಅಸಲಿ ಬಾಗುತ್ತದೆ, ನಕಲಿ ಪಟಪಟನೆ ಸೀಳುತ್ತದೆ. ಇನ್ನು ಯಾರಾದರೂ ‘ನಿಜವಾದ ಹಳೆಯದು’ ಎಂದು ಪುಟ್ಟ ಜೀರುಂಡೆಯನ್ನೋ ಶಬ್ತಿಯನ್ನೋ ಕೈಗಿಟ್ಟರೆ ಹಿಂದಕ್ಕೆ ಕೊಟ್ಟುಬಿಡಿ. ಸಾಮಾನ್ಯವಾಗಿ ಅದು ನಕಲಿ. ಅಕಸ್ಮಾತ್ ಅಸಲಿಯಾಗಿದ್ದರೆ ಇನ್ನೂ ಕಷ್ಟ: ಈಜಿಪ್ಟಿನ 1983ರ 117ನೇ ಕಾನೂನಿನ ಪ್ರಕಾರ ಪುರಾತನ ವಸ್ತುಗಳ ವ್ಯಾಪಾರವೂ, ದೇಶದಿಂದ ಹೊರಗೆ ಸಾಗಿಸುವುದೂ ಅಪರಾಧ.